ಕೈಪಂಪಿನ ಧೂಳುಹೀರುಕ: ನೂರು ವರ್ಷದ ಹಿಂದಿನ ಯಂತ್ರವೊಂದನ್ನು ಬಳಸಿ ನೋಡಿದ ಮೇಲೆ

ಕಳೆದ ಮಾರ್ಚ್ ತಿಂಗಳಿನಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಹೊರಗೆ ಭಾನುವಾರ ನಡೆಯುವ ಹಳೆಯ ಸಾಮಾನಿನ ಸಂತೆಯೊಂದರಲ್ಲಿ 45 ಪೌಂಡ್ ಕೊಟ್ಟು ನಾನೊಂದು ಧೂಳು ಹೀರುವ ಯಂತ್ರವನ್ನು ಕೊಂಡೆ. ಅದಕ್ಕೆ ಮೋಟಾರು ಇಲ್ಲ, ವೈರು ಇಲ್ಲ. ಎದೆಯೆತ್ತರದ ತಗಡಿನ ಕೊಳವೆ, ಅದರ ತುದಿಗೆ ಮರದ ಹಿಡಿಕೆ, ಬುಡದಲ್ಲಿ ಅಗಲವಾದ ಚಪ್ಪಟೆ ಬಾಯಿ. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪನ್ನು ದೊಡ್ಡದು ಮಾಡಿ ತಲೆಕೆಳಗಾಗಿ ಆಲೋಚಿಸಿದರೆ ಇದರ ರೂಪ ಸಿಗುತ್ತದೆ. ತಯಾರಕರ ಹೆಸರಿನ ಫಲಕ ಯಾವಾಗಲೋ ಕಿತ್ತುಹೋಗಿ ನಾಲ್ಕು ರಿವೆಟ್ಟಿನ ತೂತುಗಳಷ್ಟೇ ಉಳಿದಿವೆ. ಮನೆಮನೆಗೆ ವಿದ್ಯುತ್ತು ಬರುವ ಮೊದಲು, 1910ರ ಆಸುಪಾಸಿನ ವರ್ಷಗಳಲ್ಲಿ, ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಇಂತಹ ಕೈಪಂಪಿನ ಯಂತ್ರಗಳು ಬಹಳ ಮಾರಾಟವಾದವು. ಇಂದು ಅವುಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಗೋಡೆಗೆ ಒರಗಿಸಿ ಅಲಂಕಾರಕ್ಕೆ ಇಡುತ್ತಾರೆ. ನಾನು ಬೆಂಗಳೂರಿನ ಪೀಣ್ಯದಲ್ಲಿ ವ್ಯಾಕ್ಯೂಮ್ ಪಂಪುಗಳ ರಿಪೇರಿಯಿಂದ ವೃತ್ತಿ ಆರಂಭಿಸಿದವನು, ಇಲ್ಲಿಗೆ ಬಂದ ಮೇಲೂ ಅದೇ ಕೆಲಸದಲ್ಲಿ ಇರುವವನು. ಆದ್ದರಿಂದ ಇದನ್ನು ನಾಲ್ಕು ತಿಂಗಳು ಮನೆಯಲ್ಲಿ ನಿಜವಾಗಿ ಬಳಸಿ, ಅಳೆದು, ಬಿಚ್ಚಿ ಜೋಡಿಸಿ, ಒಂದು ಯಂತ್ರವಾಗಿಯೇ ಇದರ ಗುಣದೋಷಗಳನ್ನು ಬರೆಯಬೇಕೆನಿಸಿತು.

ಮಾರಿದವರು ಯಂತ್ರ ಕೆಲಸ ಮಾಡುತ್ತದೆ ಎಂದು ಹೇಳಿಯೇ ಕೊಟ್ಟಿದ್ದರು. ಮನೆಗೆ ತಂದು ಎಳೆದರೆ ಹಿಡಿಕೆ ಬೆಣ್ಣೆಯಲ್ಲಿ ಎಳೆದಷ್ಟು ಸಲೀಸಾಗಿ ಮೇಲೆ ಬಂತು. ಹೀರುವ ಪಂಪಿನ ವಿಷಯದಲ್ಲಿ ಇಂತಹ ಸಲೀಸು ಒಳ್ಳೆಯ ಲಕ್ಷಣವಲ್ಲ. ಪಿಸ್ಟನ್ನಿನ ಸುತ್ತ ಗಾಳಿ ಸೋರುತ್ತಿದೆ ಎಂದೇ ಅದರ ಅರ್ಥ. ಮೇಲಿನ ಮುಚ್ಚಳದ ಮೂರು ತಿರುಪುಗಳನ್ನು ತೆಗೆದು ಪಿಸ್ಟನ್ನನ್ನು ಹೊರಗೆಳೆದಾಗ, ಅದಕ್ಕೆ ಸುತ್ತಿದ್ದ ಚರ್ಮದ ವಾಷರು ಒಣಗಿ ಹಪ್ಪಳದಂತೆ ಗರಿಗರಿಯಾಗಿ, ಅಂಚಿನಲ್ಲಿ ಐದಾರು ಕಡೆ ಸೀಳಿತ್ತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಬಟ್ಟಲಿನ ಆಕಾರದ ಆ ವಾಷರನ್ನು ಹಿಂದೆ ಯಾರೋ ಬೋರಲಾಗಿ ಹಾಕಿದ್ದರು.

ಆ ಸಮಯಕ್ಕೆ ಹಾಸನದಿಂದ ಅಮ್ಮ ಬಂದು ನಮ್ಮ ಜೊತೆಗಿದ್ದರು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಬಿಡಿಭಾಗಗಳನ್ನು ಸಾಲಾಗಿ ಇಟ್ಟಿದ್ದೆ. ಅಮ್ಮ ಬಂದು ನೋಡಿ, ಪಿಸ್ಟನ್ನನ್ನು ಕೈಗೆ ಎತ್ತಿಕೊಂಡು, "ಇದು ನಮ್ಮೂರ ಬೋರ್‌ವೆಲ್ ಪಂಪಿಂದೇ ಕಣಪ್ಪ. ವಾಷರ್ ಬಟ್ಟಲು ಮೇಲಕ್ಕಿರಬೇಕು, ಇಲ್ಲದಿದ್ರೆ ಎಷ್ಟು ಹೊಡೆದ್ರೂ ನೀರು ಬರಲ್ಲ" ಎಂದರು. ಊರಿನಲ್ಲಿ ಪಂಪು ರಿಪೇರಿಗೆ ಬರುತ್ತಿದ್ದವರ ಪಕ್ಕದಲ್ಲಿ ಕೊಡ ಹಿಡಿದು ನಿಂತು ಎಷ್ಟೋ ಸಲ ನೋಡಿದ್ದ ಅನುಭವ ಅದು; ಅವರು ಹೇಳಿದ್ದು ಅಕ್ಷರಶಃ ಸರಿ. ಪಿಸ್ಟನ್ನನ್ನು ಮೇಲಕ್ಕೆ ಎಳೆಯುವಾಗ ಕೆಳಗಡೆ ಗಾಳಿ ತೆಳುವಾಗುತ್ತದೆ, ಮೇಲಿನ ಹೊರಗಾಳಿಯ ಒತ್ತಡ ಬಟ್ಟಲಿನ ಒಳಗೆ ತುಂಬಿ ಅದರ ಅಂಚನ್ನು ಕೊಳವೆಯ ಗೋಡೆಗೆ ಒತ್ತಿ ಹಿಡಿಯುತ್ತದೆ. ಹೆಚ್ಚು ಬಲವಾಗಿ ಎಳೆದಷ್ಟೂ ಅಂಚು ಇನ್ನಷ್ಟು ಬಿಗಿಯಾಗುತ್ತದೆ. ಬೋರಲಾಗಿ ಹಾಕಿದರೆ ಅದೇ ಒತ್ತಡ ಅಂಚನ್ನು ಗೋಡೆಯಿಂದ ಬಿಡಿಸಿ ದಾರಿ ಮಾಡಿಕೊಂಡು ಒಳನುಗ್ಗುತ್ತದೆ.

ಯಂತ್ರದ ಉಳಿದ ರಚನೆಯೂ ಊರಿನ ಕೈಪಂಪಿನದೇ. ಕೊಳವೆಯ ಬುಡದಲ್ಲಿ ಚರ್ಮದ ಒಂದು ಮುಚ್ಚಳದ ವಾಲ್ವು, ಪಿಸ್ಟನ್ನಿನಲ್ಲಿ ಅಂತಹದೇ ಇನ್ನೊಂದು. ಹಿಡಿಕೆಯನ್ನು ಎಳೆದಾಗ ಬುಡದ ವಾಲ್ವು ತೆರೆದು, ಚಪ್ಪಟೆ ಬಾಯಿಯ ಮೂಲಕ ಗಾಳಿಯೂ ಧೂಳೂ ಒಳಗೆ ಬರುತ್ತವೆ. ಹಾಗೆ ಬಂದದ್ದು ಮೊದಲು ಸೇರುವುದು ಧೂಳಿನ ಡಬ್ಬಿಯನ್ನು. ಅಲ್ಲಿ ತಂತಿಯ ಚೌಕಟ್ಟಿಗೆ ಬಿಗಿದ ಬಟ್ಟೆಯ ಚೀಲ ಧೂಳನ್ನು ತಡೆದು, ಗಾಳಿಯನ್ನು ಮಾತ್ರ ಪಂಪಿಗೆ ಬಿಡುತ್ತದೆ. ಹಿಡಿಕೆಯನ್ನು ಒತ್ತಿದಾಗ ಬುಡದ ವಾಲ್ವು ಮುಚ್ಚಿಕೊಂಡು ಪಿಸ್ಟನ್ನಿನ ವಾಲ್ವು ತೆರೆಯುತ್ತದೆ, ಗಾಳಿ ಪಿಸ್ಟನ್ನಿನ ಮೇಲ್ಭಾಗಕ್ಕೆ ದಾಟುತ್ತದೆ. ಮುಂದಿನ ಎಳೆತದಲ್ಲಿ ಅದು ಮುಚ್ಚಳದ ತೂತುಗಳಿಂದ ಹೊರಗೆ ಹೋಗುತ್ತದೆ. ನೀರೆತ್ತುವ ಪಂಪಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ನಡುವಿನ ಆ ಬಟ್ಟೆಯ ಚೀಲ ಒಂದೇ. ಈ ಚೀಲದ ಬಗ್ಗೆ ಮುಂದೆ ಹೆಚ್ಚು ಹೇಳಬೇಕಿದೆ, ಏಕೆಂದರೆ ಈ ಯಂತ್ರಗಳ ಇತಿಹಾಸವೇ ಅದರಲ್ಲಿ ಅಡಗಿದೆ ಎಂದು ನಾನು ನಂಬಿದ್ದೇನೆ.

ಮೂರು ಮಿಲಿಮೀಟರ್ ದಪ್ಪದ ಹದ ಮಾಡಿದ ಚರ್ಮ ತಂದು, ನೀರಿನಲ್ಲಿ ನೆನೆಸಿ, ಮರದ ಅಚ್ಚಿನ ಮೇಲೆ ಬಿಗಿದು ಒಣಗಿಸಿ ಬಟ್ಟಲಿನ ಆಕಾರ ತಂದುಕೊಂಡು, ಆಮೇಲೆ ಎರಡು ದಿನ ಹರಳೆಣ್ಣೆಯಲ್ಲಿ ಅದ್ದಿಟ್ಟೆ. ಹೊಸ ವಾಷರು ಹಾಕುವ ಮೊದಲೂ ಆಮೇಲೂ, ಪಾರದರ್ಶಕ ಪೈಪನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ ನೀರು ತುಂಬಿದ ಸಾಧನದಿಂದ ಹೀರುವ ಬಲವನ್ನು ಅಳೆದೆ. ಬಾಯಿ ಮುಚ್ಚಿ ಎಳೆದಾಗ ಮೊದಲು ನೀರು 8 ಸೆಂಟಿಮೀಟರಿನಷ್ಟು ಏರಿ ಕೂಡಲೇ ಇಳಿದುಹೋಗುತ್ತಿತ್ತು. ಹೊಸ ವಾಷರಿನ ನಂತರ 50 ಸೆಂಟಿಮೀಟರ್ ಏರಿತು ಮತ್ತು ಹಿಡಿಕೆಯನ್ನು ಹಿಡಿದಷ್ಟು ಹೊತ್ತು ಹೆಚ್ಚು ಕಡಿಮೆ ಅಲ್ಲೇ ನಿಂತಿತು. ಕೊಳವೆಯ ಒಳವ್ಯಾಸ 10 ಸೆಂಟಿಮೀಟರ್. ಲೆಕ್ಕ ಹಾಕಿದರೆ, ಅಷ್ಟು ಹೀರುವ ಬಲಕ್ಕಾಗಿ ತೋಳು ಪ್ರತಿ ಸಲವೂ ಸುಮಾರು ನಾಲ್ಕು ಕಿಲೋ ಭಾರವನ್ನು ಎತ್ತಿದಷ್ಟು ಶ್ರಮಪಡಬೇಕು, ವಾಷರಿನ ತಿಕ್ಕಾಟ ಬೇರೆ. ಪಿಸ್ಟನ್ನಿನ ಓಟ 40 ಸೆಂಟಿಮೀಟರ್. ಅಂದರೆ ಒಂದು ಎಳೆತಕ್ಕೆ ಸುಮಾರು ಮೂರು ಲೀಟರ್ ಗಾಳಿ. ನಿಮಿಷಕ್ಕೆ 30 ಸಲ ಎಳೆದರೆ 94 ಲೀಟರ್. ಇಂದಿನ ಸಾಮಾನ್ಯ ವಿದ್ಯುತ್ ಧೂಳುಹೀರುಕ ಸೆಕೆಂಡಿಗೇ 30 ಲೀಟರಿನ ಹತ್ತಿರ ಗಾಳಿ ಎಳೆಯುತ್ತದೆ, ಅಂದರೆ ನಿಮಿಷಕ್ಕೆ 1800 ಲೀಟರ್. ವ್ಯತ್ಯಾಸ ಹತ್ತೊಂಬತ್ತು ಪಟ್ಟು.

ಈ ಅಂಕಿಯೇ ಯಂತ್ರದ ಶಕ್ತಿಯನ್ನೂ ಮಿತಿಯನ್ನೂ ಹೇಳುತ್ತದೆ. ಧೂಳು ಮೇಲೇಳುವುದು ಒತ್ತಡದ ವ್ಯತ್ಯಾಸವೊಂದರಿಂದಲೇ ಅಲ್ಲ. ಧೂಳಿನ ಕಣದ ಪಕ್ಕದಲ್ಲಿ ಗಾಳಿ ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದರಿಂದ. ನನ್ನ ಯಂತ್ರದ ಬಾಯಿಯ ಸೀಳು 20 ಸೆಂಟಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ ಇದೆ. ಸೆಕೆಂಡಿಗೆ ಮೂರು ಲೀಟರ್ ಗಾಳಿ ಆ ಸೀಳಿನಲ್ಲಿ ಹರಿದರೆ ವೇಗ ಸೆಕೆಂಡಿಗೆ ಎರಡೂವರೆ ಮೀಟರು ಮಾತ್ರ, ತಂಗಾಳಿ ಬೀಸಿದಷ್ಟು. ಅಮ್ಮನ ಡಬ್ಬಿಯಿಂದ 20 ಗ್ರಾಂ ರಾಗಿಹಿಟ್ಟನ್ನು ತೂಗಿ, ಒಂದು ಚಿಕ್ಕ ಜಮಖಾನದ ಮೇಲೆ ಸಮವಾಗಿ ಜರಡಿ ಹಿಡಿದು, 40 ಎಳೆತಗಳಲ್ಲಿ ಎಷ್ಟು ಬರುತ್ತದೆಂದು ನೋಡಿದೆ. ಡಬ್ಬಿಯಲ್ಲಿಯೂ ಚೀಲದಲ್ಲಿಯೂ ಸೇರಿದ್ದು 11 ಗ್ರಾಂ. ಹಿಟ್ಟಿನ ಬದಲು ಅಷ್ಟೇ ಮರಳು ಹಾಕಿದಾಗ ಬಂದದ್ದು 3 ಗ್ರಾಂ. ಆಮೇಲೆ ಬಾಯಿಯ ಎರಡೂ ಅಂಚುಗಳಿಗೆ ಉಣ್ಣೆಯ ಫೆಲ್ಟ್ ಪಟ್ಟಿ ಅಂಟಿಸಿ ಸೀಳನ್ನು 2 ಮಿಲಿಮೀಟರಿಗೆ ಇಳಿಸಿದೆ. ವೇಗ ಮೂರು ಪಟ್ಟಾಯಿತು. ಹಿಟ್ಟು 15 ಗ್ರಾಂ, ಮರಳು 8 ಗ್ರಾಂ ಬಂತು. ಆದರೆ ಈಗ ಒಂದೊಂದು ಎಳೆತಕ್ಕೆ ಶುದ್ಧವಾಗುವ ಪಟ್ಟಿ ಮತ್ತಷ್ಟು ಕಿರಿದಾದ ಕಾರಣ ಬಾಯಿಯನ್ನು ಹೆಚ್ಚು ಒತ್ತೊತ್ತಾಗಿ ಸರಿಸಬೇಕು, ಹಿಡಿಕೆಯೂ ಬಿಗಿಯಾಗಿ ಬರುತ್ತದೆ. ಕೂದಲು, ನೂಲಿನ ಎಳೆಗಳ ವಿಷಯದಲ್ಲಿ ಎರಡೂ ಬಗೆಯಲ್ಲಿ ಯಂತ್ರ ಸೋತಿತು. ಕೆದಕುವ ಕುಂಚವಿಲ್ಲದೆ ಅವು ಜಮಖಾನವನ್ನು ಬಿಟ್ಟು ಬರುವುದಿಲ್ಲ.

ಹೀರುವ ಪಂಪು ಹೊಸ ಆವಿಷ್ಕಾರವೇನೂ ಆಗಿರಲಿಲ್ಲ. 17ನೆಯ ಶತಮಾನದ ನಡುವಿನಲ್ಲಿಯೇ ಜರ್ಮನಿಯ ಮಾಗ್ಡೆಬರ್ಗಿನ ಓಟೋ ಫಾನ್ ಗೆರಿಕೆ ಪಿಸ್ಟನ್ ಪಂಪಿನಿಂದ ತಾಮ್ರದ ಗೋಳದೊಳಗಿನ ಗಾಳಿಯನ್ನು ತೆಗೆದು, ಎರಡು ಕಡೆ ಕುದುರೆ ಕಟ್ಟಿ ಎಳೆಸಿದರೂ ಅದರ ಹೋಳುಗಳು ಬೇರೆಯಾಗದಂತೆ ಮಾಡಿ ತೋರಿಸಿದ್ದನು. ಆದರೆ ಗಾಳಿಯನ್ನು ಎಳೆಯುವ ವಿದ್ಯೆಯನ್ನು ನೆಲದ ಧೂಳಿಗೆ ಹೊಂದಿಸಲು ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಮೆರಿಕದ ಅಯೋವಾದಲ್ಲಿ ಡೇನಿಯಲ್ ಹೆಸ್ 1860ರಲ್ಲಿ ತಿದಿಗಳಿಂದ ಗಾಳಿ ಎಳೆಯುವ ಜಮಖಾನದ ಪೊರಕೆಗೆ ಪೇಟೆಂಟ್ ಪಡೆದನು. ನಮ್ಮಲ್ಲಿ ಕಮ್ಮಾರನ ಕುಲುಮೆಯಲ್ಲಿ ಊದುವುದಕ್ಕೆ ಬಳಸುವ ತಿದಿಯೇ ಅಲ್ಲಿ ಹೀರುವುದಕ್ಕೆ ಬಂತು. 1869ರಲ್ಲಿ ಐವ್ಸ್ ಮೆಕ್‌ಗ್ಯಾಫಿ ಎಂಬುವವನು ಷಿಕಾಗೋದಲ್ಲಿ ರೂಪಿಸಿ ಪೇಟೆಂಟ್ ಪಡೆದ 'ವರ್ಲ್‌ವಿಂಡ್' ಯಂತ್ರದಲ್ಲಿ ಬೀಸಣಿಗೆಯನ್ನು ಕೈಯಿಂದ ತಿರುಗಿಸುತ್ತಲೇ ಯಂತ್ರವನ್ನು ಮುಂದೆ ತಳ್ಳಬೇಕಿತ್ತು. ಒಂದೇ ಮನುಷ್ಯನಿಗೆ ಎರಡು ಕೆಲಸ ಕೊಡುವ ಈ ದೋಷ ನನ್ನ ಯಂತ್ರದಲ್ಲಿಯೂ ಇದೆ.

ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಈ ಕಥೆಯ ನಡುವೆ ನಿಲ್ಲುವುದು ಪಂಪನ್ನು ಕಂಡುಹಿಡಿದದ್ದಕ್ಕಲ್ಲ. ಗ್ಲಾಸ್ಟರಿನಲ್ಲಿ 1871ರಲ್ಲಿ ಹುಟ್ಟಿದ ಈ ಎಂಜಿನಿಯರು ಯುದ್ಧನೌಕೆಗಳ ಇಂಜಿನುಗಳ ಮೇಲೂ, ವಿಯೆನ್ನಾದಲ್ಲಿ ಇಂದಿಗೂ ತಿರುಗುತ್ತಿರುವ ದೊಡ್ಡ ಚಕ್ರದಂತಹ ಚಕ್ರಗಳ ವಿನ್ಯಾಸದ ಮೇಲೂ ಕೆಲಸ ಮಾಡಿದ್ದರು. 1901ರಲ್ಲಿ ಲಂಡನ್ನಿನ ಎಂಪೈರ್ ಮ್ಯೂಸಿಕ್ ಹಾಲಿನಲ್ಲಿ ಅಮೆರಿಕದ ಯಂತ್ರವೊಂದರ ಪ್ರದರ್ಶನ ನೋಡಲು ಹೋದರು. ಆ ಕಾಲದ ಇಂತಹ ಯಂತ್ರಗಳು ಒತ್ತಡದ ಗಾಳಿಯನ್ನು ಜಮಖಾನಕ್ಕೆ ಊದಿ, ಎದ್ದ ಧೂಳು ಪೆಟ್ಟಿಗೆಯೊಳಗೆ ಬೀಳಲೆಂದು ಕಾಯುತ್ತಿದ್ದವು. ಸೇಂಟ್ ಲೂಯಿಸಿನ ಜಾನ್ ಥರ್ಮನ್ 1899ರಲ್ಲಿ ಪೇಟೆಂಟ್ ಪಡೆದ ಯಂತ್ರವೂ ಊದುವ ಜಾತಿಯದೇ. ಊದುವ ಬದಲು ಹೀರಬಾರದೇಕೆ ಎಂದು ಬೂತ್ ಕೇಳಿದಾಗ, ಅದು ಆಗದ ಕೆಲಸವೆಂದು ಪ್ರದರ್ಶಕನು ಸಿಟ್ಟಾದನು. ಕೆಲವು ದಿನಗಳ ಮೇಲೆ ವಿಕ್ಟೋರಿಯಾ ಸ್ಟ್ರೀಟಿನ ರೆಸ್ಟೋರೆಂಟೊಂದರಲ್ಲಿ ಕುಳಿತಿದ್ದ ಬೂತ್, ಮೆತ್ತನೆಯ ಕುರ್ಚಿಯ ಬೆನ್ನಿಗೆ ಬಾಯಿಟ್ಟು ಉಸಿರೆಳೆದುಕೊಂಡರು. ಧೂಳಿನಿಂದ ಉಸಿರು ಕಟ್ಟಿತು. ಕರವಸ್ತ್ರವನ್ನು ನಡುವೆ ಹಿಡಿದು ಎಳೆದಾಗ ಬಟ್ಟೆಯ ಮೇಲೆ ಧೂಳಿನ ಗುರುತು ಮೂಡಿತು ಎಂಬುದೂ ಅದೇ ಪ್ರಯೋಗದ ಭಾಗ.

ಈ ಪ್ರಸಂಗವನ್ನು ಎಲ್ಲರೂ ತಮಾಷೆಯ ಕಥೆಯಾಗಿ ಹೇಳುತ್ತಾರೆ. ರಿಪೇರಿಯ ಮೇಜಿನ ಮುಂದೆ ಇಪ್ಪತ್ತು ವರ್ಷ ನಿಂತ ನನಗೆ ಅದರಲ್ಲಿ ಕಾಣುವುದು ಕರವಸ್ತ್ರ. ಪಂಪು ಎಂಬುದು ಶುದ್ಧ ಗಾಳಿಗಾಗಿ ಕಟ್ಟಿದ ಯಂತ್ರ. ಅದರ ಒಳಗೆ ಧೂಳು ಸೇರಿದರೆ ಎಣ್ಣೆಯ ಜೊತೆ ಕಲಸಿ ಅರೆಯುವ ಕಲ್ಲಿನಂತಾಗಿ ಕೊಳವೆಯ ಗೋಡೆಯನ್ನೂ ವಾಷರನ್ನೂ ಕೆಲವೇ ವಾರಗಳಲ್ಲಿ ತಿಂದುಬಿಡುತ್ತದೆ; ಪೀಣ್ಯದಲ್ಲಿ ಪ್ಯಾಕಿಂಗ್ ಯಂತ್ರಗಳ ಪಂಪುಗಳು ಹಾಳಾಗಿ ನಮ್ಮ ಬಳಿ ಬರುತ್ತಿದ್ದಾಗ ಹತ್ತರಲ್ಲಿ ಏಳೆಂಟಕ್ಕೆ ಕಾರಣ ಫಿಲ್ಟರಿನ ನಿರ್ಲಕ್ಷ್ಯವೇ ಆಗಿರುತ್ತಿತ್ತು. ಧೂಳನ್ನು ಎಳೆಯಬೇಕು, ಆದರೆ ಎಳೆಯುವ ಯಂತ್ರಕ್ಕೆ ಅದು ತಾಗಬಾರದು. ಆ ಎರಡಕ್ಕೂ ನಡುವೆ ಸೋಸುವ ಬಟ್ಟೆಯನ್ನು ಇಡಬೇಕೆಂಬುದನ್ನು ಆ ಕರವಸ್ತ್ರ ತೋರಿಸಿಕೊಟ್ಟಿತು. 1901ರ ಆಗಸ್ಟ್ 30ರಂದು ಬೂತ್ ತಮ್ಮ ಪೇಟೆಂಟಿಗೆ ಅರ್ಜಿ ಹಾಕಿದರು. ನನ್ನ ತಗಡಿನ ಕೊಳವೆಯ ಡಬ್ಬಿಯಲ್ಲಿರುವ ಚೀಲ ಆ ಕರವಸ್ತ್ರದ ನೇರ ವಂಶ. ಕೊಳವೆಯ ಒಳಗೋಡೆ ನೂರು ವರ್ಷದ ಮೇಲೂ ಗೀರಿಲ್ಲದೆ ಹೊಳೆಯುತ್ತಿರುವುದನ್ನು ಟಾರ್ಚು ಹಾಕಿ ನೋಡಿದಾಗ, ಆ ಚೀಲ ತನ್ನ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡಿತ್ತೆಂದು ತಿಳಿದು ನನಗೆ ನಿಜಕ್ಕೂ ಸಂತೋಷವಾಯಿತು.

ಬೂತ್ ಕಟ್ಟಿದ ಪಂಪಿನ ಗಾತ್ರವೇ ಬೇರೆ. ಐದು ಅಶ್ವಶಕ್ತಿಯ ಪೆಟ್ರೋಲ್ ಇಂಜಿನ್ನಿನಿಂದ ನಡೆಯುವ ಪಿಸ್ಟನ್ ಪಂಪನ್ನು ಕುದುರೆಗಾಡಿಯ ಮೇಲೆ ಹೇರಿ, ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಉದ್ದನೆಯ ಹೋಸ್ ಪೈಪುಗಳನ್ನು ಮನೆಯೊಳಗೆ ಬಿಡುತ್ತಿದ್ದರು. ಯಂತ್ರವನ್ನು ಕೊಳ್ಳುವ ಬದಲು ಸೇವೆಯನ್ನು ಕರೆಸಿಕೊಳ್ಳುವ ಏರ್ಪಾಡು ಅದು; ಸಿರಿವಂತರ ಮನೆಗಳಿಗೂ ಹೋಟೆಲು, ನಾಟಕಶಾಲೆಗಳಿಗೂ ಮಾತ್ರ ನಿಲುಕುತ್ತಿತ್ತು. ಜನರು ಅದಕ್ಕೆ 'ಪಫಿಂಗ್ ಬಿಲ್ಲಿ' ಎಂದು ಹೆಸರಿಟ್ಟರು. ಅದರ ಸದ್ದಿಗೆ ಬೀದಿಯ ಕುದುರೆಗಳು ಬೆದರುತ್ತವೆಂಬ ದೂರು ನ್ಯಾಯಾಲಯದವರೆಗೂ ಹೋಯಿತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಜಮಖಾನಗಳನ್ನು ಶುದ್ಧ ಮಾಡಿದ ಮೇಲೆ ಈ ಸೇವೆಗೆ ಅರಮನೆಯ ಮನ್ನಣೆಯೂ ದೊರೆಯಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಪ್ರದರ್ಶನ ಭವನದಲ್ಲಿ ಬೀಡುಬಿಟ್ಟಿದ್ದ ನೌಕಾದಳದವರಲ್ಲಿ ಜ್ವರ ಹಬ್ಬಿದಾಗ ಬೂತ್ ಅವರ 15 ಯಂತ್ರಗಳನ್ನು ಅಲ್ಲಿಗೆ ಒಯ್ದರು; ನೆಲ, ಗೋಡೆ, ತೊಲೆಗಳಿಂದ ಹೊರಬಿದ್ದ ಧೂಳು 26 ಟನ್ ಎಂಬುದು ಪ್ರಸಿದ್ಧವಾದ ಲೆಕ್ಕ. ಪಿಸ್ಟನ್ ಪಂಪಿನ ತಾಳಿಕೆಯನ್ನು ಇದಕ್ಕಿಂತ ಕಠಿಣವಾಗಿ ಪರೀಕ್ಷಿಸಿದ ಸಂದರ್ಭ ಇನ್ನೊಂದು ಇರಲಾರದು.

ಅದೇ ವರ್ಷಗಳಲ್ಲಿ ಅಟ್ಲಾಂಟಿಕ್‌ನ ಆಚೆ ನ್ಯೂಜೆರ್ಸಿಯ ಡೇವಿಡ್ ಕೆನ್ನಿ ಪಂಪನ್ನು ಗಾಡಿಯಿಂದ ಇಳಿಸಿ ಕಟ್ಟಡದ ನೆಲಮಾಳಿಗೆಯಲ್ಲಿ ಸ್ಥಾಪಿಸಿದರು. ಪಿಟ್ಸ್‌ಬರ್ಗಿನ ಫ್ರಿಕ್ ಕಟ್ಟಡದಲ್ಲಿ 1902ರಲ್ಲಿ ಹಬೆಯ ಬಲದಿಂದ ನಡೆಯುವ ಇಂತಹ ವ್ಯವಸ್ಥೆಯನ್ನು ಕೂರಿಸಿ, ಗೋಡೆಗಳಲ್ಲಿ ಕಬ್ಬಿಣದ ಕೊಳವೆಗಳನ್ನು ಎಲ್ಲ ಮಹಡಿಗಳಿಗೂ ಹಾಯಿಸಿದರು. ನಲ್ಲಿ ತಿರುಗಿಸಿದರೆ ನೀರು ಬರುವಂತೆ, ಗೋಡೆಯ ತೂತಿಗೆ ಹೋಸ್ ಸಿಕ್ಕಿಸಿದರೆ ಹೀರುವ ಬಲ ಸಿಗುತ್ತಿತ್ತು. ಹೀರುವ ಬಲವನ್ನು ಹೆಚ್ಚಾಗಿಟ್ಟು ಬಾಯಿಯ ಸೀಳನ್ನು ಕಿರಿದಾಗಿಸುವುದು ಇವರ ಮಾರ್ಗ. ಆದರೆ ಕೊಳವೆ ಉದ್ದವಾದಷ್ಟೂ, ಪಂಪಿನ ಬಳಿ ಇರುವ ಬಲದಲ್ಲಿ ಒಂದಷ್ಟು ತಿಕ್ಕಾಟಕ್ಕೆ ಕಳೆದುಹೋಗಿ ಬಾಯಿಯ ಬಳಿ ಉಳಿಯುವುದು ಕಡಿಮೆ. ಹಾರ್ಟ್‌ಫರ್ಡಿನ ಐರಾ ಸ್ಪೆನ್ಸರ್ ಇಗರ್ಜಿಗಳ ಆರ್ಗನ್ ವಾದ್ಯಕ್ಕೆ ಗಾಳಿಯೂದಲು ರೂಪಿಸಿದ್ದ, ಒಂದರ ಹಿಂದೆ ಒಂದು ಚಕ್ರಗಳುಳ್ಳ ಬೀಸಣಿಗೆ ಯಂತ್ರದ ತತ್ವ ಆಮೇಲೆ ಈ ಕ್ಷೇತ್ರಕ್ಕೂ ಬಂತು. ಅದರದು ಇದಕ್ಕೆ ವಿರುದ್ಧವಾದ ಮಾರ್ಗ, ಬಲ ಕಡಿಮೆಯಾದರೂ ಗಾಳಿ ಹೇರಳ. ನನ್ನ ಫೆಲ್ಟ್ ಪಟ್ಟಿಯ ಪ್ರಯೋಗದಲ್ಲಿ ರಾಗಿಹಿಟ್ಟಿಗೂ ಮರಳಿಗೂ ನಡುವೆ ನಾನು ಕಂಡ ಗೊಂದಲ ಈ ಎರಡು ಮಾರ್ಗಗಳ ನಡುವಿನ ಗೊಂದಲವೇ. ನನ್ನ ತೀರ್ಪು ಇದು: ಗಾಳಿಯ ಪ್ರಮಾಣ ಕಡಿಮೆಯಿರುವ ಪಂಪಿಗೆ ಕಿರಿದಾದ ಸೀಳೇ ಸರಿ. ನನ್ನ ಯಂತ್ರದ ತಯಾರಕರು 6 ಮಿಲಿಮೀಟರ್ ಸೀಳು ಕೊಟ್ಟದ್ದು ವಿನ್ಯಾಸದ ತಪ್ಪು. ಹಿಡಿಕೆ ಹಗುರವಾಗಿ ಬರಲೆಂದು ಹಾಗೆ ಮಾಡಿರಬಹುದಾದರೂ, ಶುದ್ಧಿಯ ಲೆಕ್ಕದಲ್ಲಿ ಕೊಳ್ಳುವವರಿಗೆ ಅದರಿಂದ ನಷ್ಟವೇ.

ಕೈಯಂತ್ರಗಳಲ್ಲಿ ಬೇರೆ ಬಗೆಯವೂ ಇದ್ದವು, ಕೊಳ್ಳುವವರಿಗೆ ಅವುಗಳ ಪರಿಚಯ ಇರುವುದು ಒಳ್ಳೆಯದು. 'ಬೇಬಿ ಡೈಸಿ' ಎಂಬ ಯಂತ್ರದಲ್ಲಿ ಮರದ ಪೀಠದ ಮೇಲೆ ಒಬ್ಬರು ನಿಂತು ನೆಟ್ಟಗಿನ ಕೋಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ತಿದಿಗಳನ್ನು ನಡೆಸಬೇಕು, ಇನ್ನೊಬ್ಬರು ಹೋಸ್ ಹಿಡಿದು ಗುಡಿಸಬೇಕು. ಅಮೆರಿಕದಲ್ಲಿ ಸಂಗೀತದ ಪೆಟ್ಟಿಗೆಗಳಿಗೆ ಹೆಸರಾಗಿದ್ದ ರೆಜಿನಾ ಕಂಪನಿ 1909ರಿಂದ ಕೈಯಿಂದ ನಡೆಸುವ ಧೂಳುಹೀರುಕಗಳ ತಯಾರಿಕೆಗೆ ಇಳಿಯಿತು. ಚಕ್ರಗಳು ಉರುಳಿದಂತೆ ತಿದಿಗಳು ತಾವಾಗಿ ಹಿಗ್ಗಿ ಕುಗ್ಗುವ ತಳ್ಳುವ ಯಂತ್ರಗಳೂ ಬಂದವು. ಬಳಕೆಯ ದೃಷ್ಟಿಯಿಂದ ಇಬ್ಬರು ಸೇರಿ ನಡೆಸುವ ಯಂತ್ರವೇ ಮೇಲು ಎಂದು ನನ್ನ ಅಭಿಪ್ರಾಯ. ಎರಡು ತಿದಿಗಳು ಸರದಿಯಲ್ಲಿ ಎಳೆಯುವುದರಿಂದ ಗಾಳಿ ನಿಲ್ಲದೆ ಹರಿಯುತ್ತದೆ. ನನ್ನದರಲ್ಲಿ ಅರ್ಧ ಕಾಲ, ಅಂದರೆ ಹಿಡಿಕೆಯನ್ನು ಒತ್ತುವಾಗಲೆಲ್ಲ, ಹೀರುವಿಕೆ ನಿಂತೇ ಹೋಗುತ್ತದೆ, ಅರ್ಧ ಎದ್ದ ಧೂಳು ಮತ್ತೆ ಕೂರುತ್ತದೆ. ತಿದಿಯ ದೋಷವೆಂದರೆ ಅದರ ಮಡಿಕೆಗಳು ಹರಿದರೆ ತೇಪೆ ಹಾಕಿ ಕೂರಿಸುವುದು ಕಷ್ಟ. ವಾಷರನ್ನಾದರೆ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು.

ಮಗಳು ಹನ್ನೊಂದು ವರ್ಷದವಳು, ಮೊದಲ ವಾರ ಆಸಕ್ತಿಯಿಂದ ತಾನೇ ಬಂದು ಪಂಪು ಹೊಡೆದಳು. ಹತ್ತು ನಿಮಿಷಕ್ಕೆ ತೋಳು ನೋಯುತ್ತದೆಂದು ಬಿಟ್ಟಳು, ಅದು ಸಹಜವೇ. ನಮ್ಮ ನಡುಮನೆಯ ಜಮಖಾನವನ್ನು ಪೂರ್ತಿ ಮುಗಿಸಲು ನನಗೂ 25 ನಿಮಿಷ ಬೇಕು, ನಡುವೆ ಎರಡು ಸಲ ನಿಲ್ಲಬೇಕು. ಈ ಶ್ರಮವನ್ನು ದಿನವೂ ಮಾಡುತ್ತಿದ್ದವರು ಯಾರೆಂದು ಯೋಚಿಸಿದಾಗ ಯಂತ್ರದ ಬಗೆಗಿನ ನನ್ನ ಮೆಚ್ಚುಗೆಗೆ ಒಂದು ಮಿತಿ ಬೀಳುತ್ತದೆ. ಅದನ್ನು ಕೊಂಡ ಯಜಮಾನರು ಹಿಡಿಕೆ ಹಿಡಿದಿರಲಾರರು, ಮನೆಗೆಲಸದ ಹೆಂಗಸರು ಹಿಡಿದಿದ್ದರು. ಓಹಾಯೋದ ಕ್ಯಾಂಟನ್ನಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ, ಉಬ್ಬಸದಿಂದ ನರಳುತ್ತಿದ್ದ ಜೇಮ್ಸ್ ಮರ‍್ರೆ ಸ್ಪ್ಯಾಂಗ್ಲರ್ 1907ರಲ್ಲಿ ವಿದ್ಯುತ್ ಮೋಟಾರು, ಪೊರಕೆಯ ಹಿಡಿ, ತಲೆದಿಂಬಿನ ಚೀಲ ಇಷ್ಟನ್ನು ಸೇರಿಸಿ ತನಗಾಗಿ ಒಂದು ಯಂತ್ರ ಮಾಡಿಕೊಂಡನು. 1908ರ ಜೂನ್ 2ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು, ಹೂವರ್ ಕುಟುಂಬ ಅದನ್ನು ಕೊಂಡು ಉದ್ಯಮವಾಗಿ ಬೆಳೆಸಿತು. ಗುಡಿಸುವ ಕೈಗೇ ಆ ನೋವು ಗೊತ್ತಿತ್ತು. ಪಿಸ್ಟನ್ನೂ ತಿದಿಯೂ ಮನೆಗಳಿಂದ ಹೊರಬಿದ್ದು ವೇಗವಾಗಿ ತಿರುಗುವ ಬೀಸಣಿಗೆ ಆ ಜಾಗಕ್ಕೆ ಬಂದದ್ದು ಅಲ್ಲಿಂದ. ತಲೆದಿಂಬಿನ ಚೀಲವೂ ಬೂತ್ ಅವರ ಕರವಸ್ತ್ರದ ಕೆಲಸವನ್ನೇ ಮಾಡಿತು, ಗಾಳಿ ಎಳೆಯುವ ಸಾಧನ ಮಾತ್ರ ಬದಲಾಯಿತು.

ಹಾಗಿದ್ದರೆ ಇಂದು ಇದನ್ನು ಕೊಳ್ಳಬಹುದೇ? ಮನೆಯನ್ನು ದಿನವೂ ಶುದ್ಧ ಮಾಡಲು ಖಂಡಿತ ಬೇಡ. ಹಳೆಯ ರೇಷ್ಮೆ ಕಸೂತಿ, ಕೈನೇಯ್ಗೆಯ ಹಳೆಯ ಜಮಖಾನ, ಪುಸ್ತಕದ ಕಪಾಟು ಇವುಗಳಿಗೆ ಮಾತ್ರ ನನಗೆ ಇದು ಬಹಳ ಇಷ್ಟವಾಯಿತು. ಎಷ್ಟು ಬಲದಿಂದ ಹೀರಬೇಕೆಂಬುದನ್ನು ತೋಳೇ ನಿರ್ಧರಿಸುತ್ತದೆ, ಎಳೆ ಕೀಳುವ ಭಯವಿಲ್ಲ. ಅಜ್ಜಿಯ ಕಾಲದ ಒಂದು ಇಳಕಲ್ ಸೀರೆಯ ಮಡಿಕೆಗಳಲ್ಲಿ ಸೇರಿದ್ದ ಧೂಳನ್ನು, ಬಾಯಿಗೆ ತೆಳುವಾದ ಮಲ್‌ಬಟ್ಟೆ ಕಟ್ಟಿ, ಮೆಲ್ಲಗೆ ಎಳೆದು ತೆಗೆದೆವು. ಅಮ್ಮ ಸೀರೆಯನ್ನು ಅಂಗೈ ಮೇಲೆ ಹರಡಿ ಹಿಡಿದಿದ್ದರು, ಕೆಂಪು ಸೆರಗಿನ ಬಣ್ಣ ಒಂದೊಂದು ಎಳೆತಕ್ಕೂ ಸ್ವಲ್ಪ ಸ್ವಲ್ಪವಾಗಿ ತಿಳಿಯಾಗುತ್ತಿತ್ತು. ಶಾಲೆಯಲ್ಲಿ ವಿಜ್ಞಾನ ಕಲಿಸುವವರಿಗೂ ಇದು ಒಳ್ಳೆಯ ಉಪಕರಣ, ಏಕೆಂದರೆ ಒತ್ತಡದ ವ್ಯತ್ಯಾಸವನ್ನು ಮಕ್ಕಳ ತೋಳಿಗೇ ತಿಳಿಸಿಕೊಡುತ್ತದೆ. ಒಂದು ಎಚ್ಚರಿಕೆ ಅಗತ್ಯ: ಹಳೆಯ ಯಂತ್ರದ ಚೀಲದಲ್ಲಿ ಉಳಿದ ಧೂಳು ಯಾವ ಮನೆಯದೋ ಏನನ್ನು ಹೊತ್ತಿದೆಯೋ ತಿಳಿಯದು. ಮನೆಯ ಹೊರಗೆ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಡಬ್ಬಿ ಬಿಚ್ಚಿ, ಹಳೆಯ ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎಸೆದು ಹೊಸದನ್ನು ಹೊಲಿಸಿಕೊಳ್ಳಬೇಕು. ಒತ್ತಾಗಿ ನೇಯ್ದ ಹತ್ತಿಯ ಬಟ್ಟೆ ಸಾಕು.

ಕೊಳ್ಳುವ ಮೊದಲು ಸಂತೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಒಂದಿದೆ, ನಾನು ಮಾಡದೆ ಬಂದದ್ದು. ಬುಡದ ಚಪ್ಪಟೆ ಬಾಯಿಯನ್ನು ಬಿಚ್ಚಿ, ಕೊಳವೆಯ ದುಂಡು ತೂತನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಹಿಡಿಕೆಯನ್ನು ಅರ್ಧದವರೆಗೆ ಎಳೆದು ಬಿಡಬೇಕು. ಹಿಡಿಕೆ ತಾನಾಗಿ ಹಿಂದಕ್ಕೆ ಜಾರಿ ಕೆಳಗೆ ಕೂತರೆ ವಾಷರೂ ಕೊಳವೆಯೂ ಚೆನ್ನಾಗಿವೆ, 60 ಪೌಂಡಿನವರೆಗೆ ಕೊಡಬಹುದು. ಎಳೆದಲ್ಲಿಯೇ ನಿಂತರೆ ಗಾಳಿ ಸೋರುತ್ತಿದೆ. ಆಗ ಮೇಲಿನ ಮುಚ್ಚಳ ತೆಗೆಸಿ ಟಾರ್ಚು ಹಾಕಿ ಒಳಗೋಡೆಯನ್ನು ನೋಡಬೇಕು: ಗೋಡೆ ನುಣುಪಾಗಿದ್ದರೆ ಚರ್ಮದ ಖರ್ಚನ್ನು ಕಳೆದು 30 ಪೌಂಡಿಗೆ ಕೇಳಬೇಕು, ಉದ್ದಕ್ಕೂ ಗೀರುಗಳಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬರಬೇಕು.